ವಿರಲಾಂಗ್ ನೆಡ್

"ನೆಡ್ ಎಲ್ಲಿ?" ಸಾರ್ಜೆಂಟ್ ಕ್ಲೈವ್ ಹ್ಯಾರಪ್ ಮೂರನೆಯ ಸಲ ಕೇಳಿದ.

ಹಳ್ಳದ ದಂಡೆಯಲ್ಲಿ ಕೆಟ್ಟು ನಿಂತ ಬಸ್ಸೇ ಲಿಂಡನ್‌ನ ಮನೆ. ಅದರ ಮೆಟ್ಟಿಲ ಮೇಲೆ ಕೂತು ಅವನು ಆಲೂಗಡ್ಡೆ ಹೆರೆಯುತ್ತಿದ್ದ. ಗಡ್ಡ ಎದೆ ಮುಟ್ಟಿತ್ತು. ಕಾಲು ಬರಿದಾಗಿತ್ತು.

"ನೆಡ್ ಅಂದ್ರೆ ನನಗೆ ಬಹಳ ಗೌರವ, ಸಾರ್ಜೆಂಟ್ರೇ. ಎದುರಿಗೇ ಕಂಡ್ರೂ ನೀವು ಕೈ ಹಾಕಲ್ಲ ಬಿಡಿ."

"ಅಷ್ಟು ದೊಡ್ಡ ಆಳೋ?"

"ಏನಿಲ್ಲ. ನಿಮ್ಮ ಭುಜದವರೆಗೆ ಬರಬಹುದು."

ಕುಳ್ಳ, ಎಂದು ಹ್ಯಾರಪ್ ಪುಸ್ತಕದಲ್ಲಿ ಬರೆದುಕೊಂಡ. ನಾಲ್ಕು ವರ್ಷಗಳಲ್ಲಿ ಸಿಕ್ಕ ಮೊದಲ ಸುಳಿವು.

ವಿರಲಾಂಗ್ ಬೆಟ್ಟಗಳಲ್ಲಿ ಗಾಂಜಾ ಹೊಸದಲ್ಲ. ಅಲೆ ಸವಾರಿಗೆಂದು ಕಡಲಿಗೆ ಬಂದ ಹುಡುಗರು ಸುಮಾತ್ರಾದಿಂದ, ಥಾಯ್ಲೆಂಡಿನಿಂದ ಬೀಜ ತಂದು ಕಣಿವೆಗೊಂದರಂತೆ ಬಿತ್ತಿದ್ದರು. ಹ್ಯಾರಪ್ ಅವನ್ನೆಲ್ಲ ಬೇರುಸಮೇತ ಕಿತ್ತ. ಕಿತ್ತದ್ದನ್ನು ಠಾಣೆಯ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟ. ಸುಡಲು ಬಾರದ ಹಸಿ ದಂಟು, ತೆನೆಗಳು ಅಮ್ಮನ ಟೊಮೆಟೊ ಗೊಬ್ಬರದ ಗುಂಡಿಗೆ ಹೋದವು. ಏನನ್ನೂ ದಂಡ ಮಾಡುವ ಮನೆತನವಲ್ಲ ಅದು.

ಆಮೇಲೆ ಬಂತು ಈ ಹೊಸ ತಳಿ. ಗಿಡ್ಡ ಗಿಡ, ನೇರಳೆ ಕಾಂಡ, ಚಳಿಗಾಲದ ಇಬ್ಬನಿ ಬೀಳುವ ಮೊದಲೇ ಮಾಗುವ ತೆನೆ. ಸಿಡ್ನಿಯಿಂದ ಬ್ರಿಸ್ಬೇನ್‌ವರೆಗೆ ಜನ ಹೆಸರು ಹಿಡಿದು ಕೇಳತೊಡಗಿದರು: ವಿರಲಾಂಗ್ ನೆಡ್. ಹಳೆಯ ಕಾಲದ ಯಾವನೋ ದರೋಡೆಕೋರನ ಹೆಸರಿಟ್ಟಿದ್ದಾರೆಂದು ಕೆಲವರು ಅಂದರು. ಹ್ಯಾರಪ್ ಒಪ್ಪಲಿಲ್ಲ. ಈ ನೆಡ್ ಬದುಕಿದ್ದಾನೆ, ಇಲ್ಲೇ ಇದ್ದಾನೆ ಎಂದು ಅವನ ಮೂಗು ಹೇಳುತ್ತಿತ್ತು. ವಶಪಡಿಸಿಕೊಂಡ ಚೀಲ ಬಿಚ್ಚಿದಾಗಲೆಲ್ಲ ಆ ವಾಸನೆ ಎಲ್ಲೋ ತೀರಾ ಪರಿಚಿತ ಅನಿಸುತ್ತಿತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದರೆ ಹಾಗಾಗುತ್ತದೆ ಎಂದು ಸುಮ್ಮನಾಗುತ್ತಿದ್ದ.

ಸಂಜೆ ಮನೆಗೆ ಬಂದರೆ ಅಮ್ಮನದು ಒಂದೇ ಪ್ರಶ್ನೆ.

"ಸಿಕ್ಕಿದ್ನೇನೋ ನಿನ್ನ ನೆಡ್?"

"ಇಲ್ಲಮ್ಮ."

"ಸಿಗ್ತಾನೆ ಬಿಡು. ಎಲ್ಲಿಗೆ ಹೋಗ್ತಾನೆ?"

"ಸಿಕ್ಕಿದ ದಿನ ಹತ್ತು ವರ್ಷ ಒಳಗೆ ಹಾಕಿಸ್ತೀನಿ."

"ಹತ್ತಾ?" ಅಮ್ಮ ಹೆಣಿಗೆ ನಿಲ್ಲಿಸಿ ಲೆಕ್ಕ ಹಾಕಿದಳು. "ಅಷ್ಟು ದಿನ ಇರ್ತಾನೋ ಇಲ್ವೋ, ಪಾಪ."

ಊರಿಗೆಲ್ಲ ಅವಳು ಶ್ರೀಮತಿ ಹ್ಯಾರಪ್. ಎಂಬತ್ತು ದಾಟಿದವಳು. ಕೆಲವು ವರ್ಷಗಳ ಹಿಂದೆ ಗಂಟುಬೇನೆಯಿಂದ ಬೆರಳುಗಳು ಚಹಾದ ಬಟ್ಟಲನ್ನೂ ಹಿಡಿಯುತ್ತಿರಲಿಲ್ಲ. ಈಗ ಸ್ವೆಟರ್ ಹೆಣೆಯುತ್ತಿದ್ದಳು. ಹೊಸ ಡಾಕ್ಟರ ಮಾತ್ರೆ ಚೆನ್ನಾಗಿ ಹಿಡಿದಿದೆ ಎಂದು ಹ್ಯಾರಪ್‌ಗೆ ಸಮಾಧಾನ. ಶನಿವಾರ ಚರ್ಚಿನ ಅಂಗಳದ ಸಂತೆಗೆ ಅವಳ ಸಸಿಗಳ ತಟ್ಟೆಗಳನ್ನು ತಾನೇ ಪೊಲೀಸ್ ಜೀಪಿನಲ್ಲಿ ಸಾಗಿಸುತ್ತಿದ್ದ. ಉದ್ದಕೂದಲಿನ ಹುಡುಗರೂ ಸಸಿಗೆ ಸಾಲು ನಿಲ್ಲುವುದನ್ನು ಕಂಡು, ಇವರೂ ಬೆವರು ಸುರಿಸಿ ತಿನ್ನುವ ದಾರಿಗೆ ಬಂದರಲ್ಲ ಎಂದುಕೊಳ್ಳುತ್ತಿದ್ದ.

ಆ ಮಾರ್ಚ್‌ನಲ್ಲಿ ಅವನ ತಾಳ್ಮೆ ಮುಗಿಯಿತು. ಲಿಂಡನ್‌ನ ಬಸ್ಸಿನಲ್ಲಿ ಒಂದು ಹಿಡಿ ಸೊಪ್ಪು ಸಿಕ್ಕಿದ್ದೇ ನೆಪವಾಗಿ ಅವನನ್ನು ಕೋಳ ಹಾಕಿ ಎಳೆದು ತಂದ. 'ನೆಡ್ ಬಂಧನ' ಎಂದು ಸಿಡ್ನಿಗೆ ತಂತಿ ಹೋಯಿತು. ಬಡ್ತಿಯ ಕಾಗದ ಬರುವುದೊಂದೇ ಬಾಕಿ.

ಅಮ್ಮ ಹೊತ್ತುಹೊತ್ತಿಗೆ ಕುರಿ ಮಾಂಸ, ರೊಟ್ಟಿ ಹೊತ್ತು ಲಾಕಪ್ಪಿಗೆ ಬಂದಳು.

"ಇವನಲ್ಲ ಕಣೋ ಕ್ಲೈವ್. ಬಿಟ್ಟುಬಿಡು."

"ನಿಂಗೆ ಹೇಗೆ ಗೊತ್ತು?"

"ಕೈ ನೋಡು ಅವನದು. ಆ ಕೈಯಲ್ಲಿ ಮೂಲಂಗಿನೂ ಬೆಳೆಯಲ್ಲ."

ಸರಳುಗಳ ಹಿಂದೆ ಲಿಂಡನ್ ಕೆಮ್ಮಿದ. "ಅಮ್ಮಾವ್ರು ಸರಿಯಾಗಿ ಹೇಳ್ತಿದಾರೆ."

ಹ್ಯಾರಪ್ ಕೇಳಲಿಲ್ಲ. ಅಮ್ಮ ಖಾಲಿ ತಟ್ಟೆ ಎತ್ತಿಕೊಂಡು ಹಿತ್ತಲಲ್ಲಿ ಸಸಿ ಬೆಳೆಸುವ ತನ್ನ ಗಾಜಿನಮನೆಗೆ ಹೋದಳು. ಐದನೆಯ ದಿನ ಕಡಲ ತಡಿಯ ಮೂರು ಊರುಗಳಲ್ಲಿ ಒಟ್ಟಿಗೇ ಹೊಸ ಸರಕು ಕಾಣಿಸಿಕೊಂಡಿತು. ಆಗಷ್ಟೇ ಕೊಯ್ದದ್ದು, ಅದೇ ನೇರಳೆ, ಅದೇ ವಾಸನೆ. ನೆಡ್ ಹೊರಗೇ ಇದ್ದ. ಸಿಡ್ನಿಯ ಮೇಲಧಿಕಾರಿ ಫೋನಿನಲ್ಲಿ ಬೈಯಲಿಲ್ಲ, ನಕ್ಕ. ಅದೇ ಹೆಚ್ಚು ಚುಚ್ಚಿತು. ಲಿಂಡನ್ ಬರಿಗಾಲಲ್ಲಿ ನಡೆದು ಮನೆಗೆ ಹೋದ. ಹ್ಯಾರಪ್ ಅಡುಗೆಮನೆಯಲ್ಲಿ ತಲೆ ಹಿಡಿದು ಕೂತ. ಅಮ್ಮ ಹಿಂದಿನಿಂದ ಬಂದು ಅವನ ಬೋಳು ನೆತ್ತಿ ಸವರಿದಳು.

"ಇನ್ನೂ ಹುಡುಕ್ತೀಯಾ?"

"ಸಾಯೋವರೆಗೂ."

"ಯಾರು ಸಾಯೋವರೆಗೆ?" ಎಂದು ಅವಳು ಕೇಳಿದಳು. ಅವನಿಗೆ ನಗು ಬರಲಿಲ್ಲ.

ಎರಡು ವರ್ಷಗಳ ನಂತರ, ಜುಲೈ ತಿಂಗಳ ಒಂದು ಬೆಳಿಗ್ಗೆ, ಗಾಜಿನಮನೆಯ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ಅವಳು ಹೋಗಿಬಿಟ್ಟಳು. ನೋವಿನ ಗೆರೆಯೊಂದೂ ಮುಖದಲ್ಲಿರಲಿಲ್ಲ.

ಚರ್ಚು ಹಿಡಿಸಲಾರದಷ್ಟು ಜನ. ಮೂರು ಕಣಿವೆಗಳ ಉದ್ದಕೂದಲಿನವರೂ ಬಂದಿದ್ದರು. ಲಿಂಡನ್ ಶೂ ಹಾಕಿಕೊಂಡಿದ್ದ, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಬರೀ ಟೊಮೆಟೊ ಸಸಿ ಕೊಟ್ಟವಳಿಗೆ ಇಷ್ಟೊಂದು ಪ್ರೀತಿಯೇ ಎಂದುಕೊಳ್ಳುತ್ತ ಹ್ಯಾರಪ್ ಟೋಪಿ ಕೈಯಲ್ಲಿ ಹಿಡಿದು ನಿಂತ.

ಟಾಸ್ಮೇನಿಯಾದಿಂದ ಬಂದಿದ್ದವಳು ಅಮ್ಮನ ಅಕ್ಕ ಐಲಾ. ತಂಗಿಯನ್ನು ನೋಡದೆ ಮೂವತ್ತು ವರ್ಷವಾಗಿತ್ತು. ಇಬ್ಬರ ನಡುವೆ ಉಳಿದಿದ್ದದ್ದು ತಿಂಗಳಿಗೊಂದು ಕಾಗದ ಮಾತ್ರ. ಅವಳು ಕೋಲೂರಿಕೊಂಡು ಬಂದು ಶವಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಹೋಗಿ ಬಾರೇ, ನೆಡ್."

ಹ್ಯಾರಪ್‌ನ ಟೋಪಿ ಕೈಯಿಂದ ಜಾರಿತು. "ಏನಂದ್ರಿ, ದೊಡ್ಡಮ್ಮ?"

"ಅಯ್ಯೋ, ಅಣ್ಣನ ಚಡ್ಡಿ ಹಾಕ್ಕೊಂಡು ಕುದುರೆ ಓಡಿಸ್ತಿದ್ಲಲ್ಲ, ಅದಕ್ಕೆ ನಮ್ಮಪ್ಪ ಇಟ್ಟ ಗಂಡು ಹೆಸರು. ಮದುವೆಯಾದ ಮೇಲೆ ಯಾರೂ ಕರೆಯಲ್ಲ ಅಂತ ಬೇಜಾರಿತ್ತು ಅವಳಿಗೆ." ದೊಡ್ಡಮ್ಮ ಅವನ ತೋಳು ಹಿಡಿದು ಕಿವಿಯ ಹತ್ತಿರ ಬಾಗಿದಳು. "ಪ್ರತಿ ಕಾಗದದಲ್ಲೂ ನಿನ್ನದೇ ಸುದ್ದಿ ಕಣೋ. 'ಡಾಕ್ಟರು ಎಷ್ಟು ಹೇಳಿದ್ರೂ ನಾಲ್ಕು ಹೆಜ್ಜೆ ನಡೆಯದವನು ಈಗ ನನ್ನನ್ನ ಹುಡುಕ್ಕೊಂಡು ದಿನಾ ಬೆಟ್ಟ ಹತ್ತಿ ಇಳೀತಾನೆ, ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ಇನ್ನೊಂದೆರಡು ವರ್ಷ ಹುಡುಕಲಿ ಬಿಡು' ಅಂತ ಬರೀತಿದ್ಲು."