ನಿಂತೇ ಇದ್ದವಳು

ಸೊಂಟನೋವಿನಲ್ಲಿ ವರ್ಷಗಟ್ಟಲೆ ನರಳಿದ ಪುಟ್ಟತಾಯಮ್ಮ ಕೊನೆಗೂ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದಳು. ತಪಾಸಣೆಯ ದಿನ ಗಂಡನನ್ನು ಬಾಗಿಲಲ್ಲೇ ತಡೆದರು. ಒಳಗೆ ಮೂವರು ಡಾಕ್ಟರು, ಮೂವರೂ ಗಂಡಸರು.

“ಕೂತ್ಕೊಳ್ಳಿ.”

“ಪರವಾಗಿಲ್ಲ ಸ್ವಾಮಿ, ನಿಂತಿರ್ತೀನಿ.”

ಮತ್ತೆ ಮತ್ತೆ ಹೇಳಿದರು. ಸೆರಗು ಬಿಗಿಹಿಡಿದು, ತಲೆ ತಗ್ಗಿಸಿ ನಿಂತೇ ಇದ್ದಳು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹಿರಿಯ ಡಾಕ್ಟರು ನಕ್ಕರು.

“ಇಷ್ಟೊತ್ತೂ ಕಂಬದ ಹಾಗೆ ನಿಂತಿದ್ದೀರಲ್ಲಮ್ಮ! ನಿಜವಾಗಿ ನೋವಿರೋರು ಕುರ್ಚಿ ಬೇಡ ಅಂತಾರಾ? ಹೋಗಿ, ನಿಮಗ್ಯಾಕೆ ಪಿಂಚಣಿ!”

ನಾಚಿಕೆಯಿಂದ ಕುಗ್ಗಿ, ಗೋಡೆ ಹಿಡಿದುಕೊಂಡು ಹೊರಬಂದಳು. ಗಂಡ ಓಡಿಬಂದು ತೋಳು ಹಿಡಿದ.

“ಕೂರಕ್ಕೆ ಕುರ್ಚಿ ಕೊಡ್ಲಿಲ್ವೇನಮ್ಮಿ?”

“ಕೊಟ್ರು. ಕುಂತ್ಮೇಲೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಕ್ಕೆ ನೀವಿರ್ಲಿಲ್ವಲ್ಲ. ಆ ಗಂಡಸರಲ್ಲಿ ಯಾರನ್ನ ಕೇಳ್ಲಿ?”