ಮೊದಲ ಬಹುಮಾನ

ಹೆಡ್‌ಮಾಸ್ಟರ ಸಿಟ್ಟು ನಿನ್ನೆಯಿಂದಲೂ ನೆತ್ತಿಗೇರಿಯೇ ಇತ್ತು. ‘ಜಗತ್ತಿನ ನೋವು, ನಮ್ಮ ಹೊಣೆ’ ಎಂದು ಮಕ್ಕಳ ವಸ್ತುಪ್ರದರ್ಶನ. ದೊಡ್ಡ ಅತಿಥಿ ಬರುವ ಹೊತ್ತಿಗೆ ಶಾಲೆಯ ಗೋಡೆಗೆ ಒರಗಿಕೊಂಡು ರಸ್ತೆ ಕೆಲಸದವರ ಗುಡಾರ! ಖುದ್ದು ಎದುರು ನಿಂತು ಕೀಳಿಸಿದ್ದರು.

ಇವತ್ತು ಅತಿಥಿ ಮೈದಾನದ ‘ನಿರಾಶ್ರಿತರ ಶಿಬಿರ’ದ ಮುಂದೆ ಕರಗಿಹೋದರು. ಹರಿದ ಟಾರ್ಪಾಲು, ಮೂರು ಕಲ್ಲಿನ ಒಲೆ, ಒಳಗೆ ಮಗುವನ್ನು ತಟ್ಟಿ ಮಲಗಿಸುತ್ತಿದ್ದ ಹೆಂಗಸು.

“ಆ ತಾಯಿ ಪಾತ್ರ ಎಷ್ಟು ನೈಜವಾಗಿದೆ ಕಣ್ರೀ! ಮೊದಲ ಬಹುಮಾನ ಇದಕ್ಕೇ.”

ಹೆಡ್‌ಮಾಸ್ಟರು ಉಬ್ಬಿಹೋದರು. ಅಷ್ಟರಲ್ಲಿ ಹೊಗೆ ಕಣ್ಣಿಗೆ ಹೊಡೆಯಿತು.

“ಯಾರೇ ಅದು, ಸ್ಕೂಲೊಳಗೆ ಬೆಂಕಿ ಹಚ್ಚಿದ್ದು? ತಲೆಗಿಲೆ ಕೆಟ್ಟಿದೆಯಾ? ಆರಿಸು ಮೊದಲು!”

ಗುಡಾರದ ಬಾಯಲ್ಲಿ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಜಗ್ಗಲಿಲ್ಲ.

“ಆರ್ಸಲ್ಲ ಸಾರ್. ಪಾಪುಗೆ ಗಂಜಿ ಬೇಯ್ತಿದೆ.”

“ನಾಟಕಕ್ಕೆ ಯಾಕೆ ಬೇಕೇ ನಿಜವಾದ ಗಂಜಿ?” ಹೆಡ್‌ಮಾಸ್ಟರು ಅತಿಥಿ ಇರುವುದನ್ನೂ ಮರೆತು ಗದರಿದರು.

ಹುಡುಗಿಯ ದನಿ ಅವರದಕ್ಕಿಂತ ಏರಿತು.

“ನಾಟಕ ಎಲ್ಲಿ ಸಾರ್? ನಿನ್ನೆ ಗೋಡೆ ಪಕ್ಕದಿಂದ ನೀವು ಕೀಳ್ಸಿದ ಗುಡಾರಾನೇ ಇದು. ಒಳಗಿರೋರೂ ಅವ್ರೇ.”