ಸುಟ್ಟ ಹಲಗೆ, ಬಿಳಿ ತೋಬ್

"ಇದೆಂತ ನೋಣಯಣ್ಣ, ಸುಟ್ಟದ್ದಾ, ಮೀಯಿಸಿದ್ದಾ?" ಶಹೀರ್ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

ಸೌದಿಯ ತಾಯಿಫಿನ ಆ ಬಡಗಿ ಅಂಗಡಿ ಶಹೀರನದು, ಕೈಕೆಲಸ ನೋಣಯನದು. ಹೊಸ ಕಾಫಿ ಅಂಗಡಿ ತೆರೆಯಲಿದ್ದ ಸಾದ್‌ಗೆ ಗೋಡೆಗೆಲ್ಲ ಜಪಾನಿನವರ ಹಾಗೆ ಮೈ ಸುಟ್ಟ ಮರವೇ ಬೇಕಿತ್ತು. ಹುಳ ಹಿಡಿಯದು, ನೋಡಲೂ ಚಂದ. "ನನಗೆ ಬರುತ್ತದೆ" ಎಂದುಬಿಟ್ಟಿದ್ದ ನೋಣಯ. ಸಂಜೆ ಶಾಲೆಯಲ್ಲಿ ನಾಲ್ಕಕ್ಷರವಷ್ಟೇ ಕಲಿತ ತನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಆಮೇಲೆ ಅವನೇ ಬೆರಗಾಗಿದ್ದ. ಈ ಕೆಲಸ ತಪ್ಪಿದರೆ ಅಂಗಡಿಗೆ ಬೀಗ, ಇಬ್ಬರೂ ಊರಿಗೆ.

ಸುಡುವುದೇನೋ ಚೆನ್ನಾಗಿಯೇ ಆಗಿತ್ತು. ಹಲಗೆ ಮೊಸಳೆಯ ಚರ್ಮದಂತೆ ಬಿರಿದಿತ್ತು. ಆದರೆ ಈ ಊರಿನ ಗಿರಾಕಿಗಳು ಕಾಲಿನವರೆಗೂ ಇಳಿಯುವ ಬಿಳಿ ನಿಲುವಂಗಿ, ತೋಬ್, ತೊಡುವವರು. ಕಾಫಿ ಹಿಡಿದು ಗೋಡೆಗೊರಗಿದರೆ? ಆ ಯೋಚನೆ ಹೊಕ್ಕದ್ದೇ ನೋಣಯ ತಂತಿಯ ಬ್ರಶ್ ಹಿಡಿದ. ಉಜ್ಜಿದ, ಬಿಳಿ ಬಟ್ಟೆ ಒತ್ತಿ ನೋಡಿದ, ಮತ್ತೆ ಉಜ್ಜಿದ. ಬಟ್ಟೆಗೆ ಮಸಿ ಹತ್ತದಂತಾದಾಗ ಹಲಗೆಯಲ್ಲಿ ಮಸಿಯೇ ಉಳಿದಿರಲಿಲ್ಲ.

"ಸಾದ್ ಈಗ ಮಾದರಿ ನೋಡ್ಲಿಕ್ಕೆ ಬರ್ತಾನೆ ಮಾರಾಯ್ರೆ. ಇನ್ನೊಂದು ಸುಡಿ, ಯಲ್ಲಾ, ಬೇಗ!" ಎಂದ ಶಹೀರ್.

"ಮಸಿ ಬಿಟ್ಟರೆ?"

"ಬಿಟ್ಟರೆ ಅವನ ತೋಬ್ ಹೋಗ್ತದೆ. ಸುಡದಿದ್ದರೆ ನಮ್ಮ ಅಂಗಡಿಯೇ ಹೋಗ್ತದೆ."

ನೋಣಯ ಹೊಸ ಹಲಗೆಗೆ ಗ್ಯಾಸಿನ ಉರಿ ಹಿಡಿದ. ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ನಿಲ್ಲಿಸುವಷ್ಟರಲ್ಲಿ ಸಾದ್ ಒಳಗೆ ಬಂದ. ಇಸ್ತ್ರಿಯ ಗೆರೆ ಎದ್ದು ಕಾಣುವ ತೋಬ್. ಹಲಗೆ ಕಂಡದ್ದೇ ಅವನ ಮುಖ ಅರಳಿತು. "ಜಮೀಲ್! ಬಹಳ ಚಂದ!" ಎನ್ನುತ್ತಾ, ಊದ್ ಎಂಬ ಸುಗಂಧದ ಮರ ಕೊಳ್ಳುವವರು ಮೂಸುವ ಹಾಗೆ ಮೂಸಲು ಹಲಗೆಯತ್ತ ಬಾಗಿದ.

"ಲಾ! ಬೇಡ! ಲಾ!" ನೋಣಯ ನಡುವೆ ಹಾರಿ ಅವನನ್ನು ಹಿಂದಕ್ಕೆ ತಳ್ಳಿದ.

ಮರ ತೋಬಿಗೆ ತಾಗಲಿಲ್ಲ. ತೋಬಿನ ಎದೆಯ ಮೇಲೆ ಮಾತ್ರ ನೋಣಯನ ಎರಡೂ ಅಂಗೈ, ಹತ್ತೂ ಬೆರಳು, ಕಪ್ಪಗೆ ಮೂಡಿದ್ದವು. ಶಹೀರ್ ಕಣ್ಣು ಮುಚ್ಚಿಕೊಂಡ.

"ಎಣ್ಣೆ ಹಚ್ಚಿದರೆ ಮಸಿ ಬಿಡುವುದಿಲ್ಲ ಶೇಖ್," ನೋಣಯ ಹರುಕು ಅರಬಿಯಲ್ಲಿ ತೊದಲಿದ. ಎಣ್ಣೆ ಎಂಬುದೊಂದು ಇದೆಯೆಂದು ಅವನಿಗೆ ನೆನಪಾದದ್ದೇ ಆಗ.

ಸಾದ್ ತನ್ನ ಎದೆ ನೋಡಿಕೊಂಡ. ಹಲಗೆ ನೋಡಿದ. ನೋಣಯನ ಮಸಿಯಾದ ಅಂಗೈ ನೋಡಿದ.

"ಕೆಲಸ ನಿಮಗೇ," ಎಂದ ಶಹೀರನಿಗೆ. "ಎಣ್ಣೆ ಮೊದಲು ಇವನಿಗೆ ಹಚ್ಚಿ."